ಎಪ್ಪತ್ತನಾಲ್ಕು ಡಿಗ್ರಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯವರು ನನ್ನನ್ನು 'ಬೂದಿ ಮೇಷ್ಟ್ರು' ಅಂತ ಕರೆಯುತ್ತಿದ್ದರು. ಈಗ ಕರೆಯುವುದಿಲ್ಲ. ಯಾಕೆ ಅಂತ ಹೇಳಲು ಕೂತರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಹೇಳದೆ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು.

ನನ್ನ ಹೆಸರು ಅಂಜನಕುಮಾರ. ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಪಾಠ ಮಾಡುತ್ತಲೇ ಆರು ವರ್ಷದಿಂದ ಪಿಎಚ್.ಡಿ.ಗೆ ಒದ್ದಾಡುತ್ತಿದ್ದೆ. ವಿಷಯ ಪಾಲಿಮರ್ ನ್ಯಾನೊಕಾಂಪೊಸಿಟ್‌ಗಳ ಉಷ್ಣ ಗುಣಗಳು. ಇಷ್ಟು ಹೇಳಿದರೆ ನೆಂಟರು ಮಳೆ ಬೆಳೆಯ ಮಾತು ತೆಗೆಯುತ್ತಾರೆ. ಆದರೆ ಇದರಲ್ಲಿ ತಿಳಿಯದ್ದೇನೂ ಇಲ್ಲ. ಎಪಾಕ್ಸಿ ಅಂತ ಅಂಟಿನಂಥ ಒಂದು ವಸ್ತು ಇದೆ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ ಬೆರೆಸಿ, ಅಚ್ಚಿಗೆ ಹಾಕಿ, ಓವನ್ನಿನಲ್ಲಿ ಬೇಯಿಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದು ಎಷ್ಟು ಬಿಸಿ ತಡೆಯುತ್ತದೆ ಅಂತ ಅಳೆಯುವುದೇ ನನ್ನ ಕೆಲಸ. ಆ ಸಿಲಿಕಾ ಭತ್ತದ ಹೊಟ್ಟಿನ ಬೂದಿಯಲ್ಲಿ ರಾಶಿ ರಾಶಿ ಇದೆ. ಹೊಟ್ಟಿನ ಬೂದಿ ಬೇಕೆಂದರೆ ಮಂಡಕ್ಕಿ ಭಟ್ಟಿಗೇ ಹೋಗಬೇಕು, ಅಲ್ಲಿ ಒಲೆಗೆ ಹಾಕುವುದೇ ಹೊಟ್ಟು.

ಹಾಗೆ ನಾನು ಹಾಲೇಶಪ್ಪನವರ ಭಟ್ಟಿಗೆ ಹೋಗಿ ಬಂದು ಮಾಡಲು ಶುರು ಮಾಡಿದೆ. ಅಲ್ಲಿ ನಾಲ್ಕು ಬಾಣಲೆಗಳು. ಬಾಗಿಲಿಗೆ ಹತ್ತಿರದ ಮೊದಲನೆಯ ಬಾಣಲೆ ದ್ಯಾಮವ್ವನದು. ವಯಸ್ಸು ಐವತ್ತೆಂಟು, ಇಪ್ಪತ್ತೆರಡು ವರ್ಷದಿಂದ ಅದೇ ಬಾಣಲೆ. ಮಂಡಕ್ಕಿ ಅರಳಿಸುವ ಉಸುಕು ಎಷ್ಟು ಕಾದಿದೆ ಅಂತ ಉಳಿದ ಮೂವರೂ ದ್ಯಾಮವ್ವನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಮೊದಲನೆಯ ಬಾಣಲೆ ಅಂದರೆ ಬರೀ ಜಾಗವಲ್ಲ, ಭಟ್ಟಿಯಲ್ಲಿ ಅದು ಮಾನ.

ನನ್ನ ಬೂದಿಯ ಹುಚ್ಚನ್ನು ಕಂಡು ಮೊದಲು ನಕ್ಕವಳು ಅವಳೇ, ಅಡ್ಡಹೆಸರು ಇಟ್ಟವಳೂ ಅವಳೇ. "ಊರೆಲ್ಲ ಮಂಡಕ್ಕಿ ಒಯ್ತಾರೆ, ನೀವು ಬೂದಿ ಒಯ್ತೀರಿ. ಪಾತ್ರೆ ತಿಕ್ಕಾಕೇನ್ರಿ ಮೇಷ್ಟ್ರೇ?" ಅಂದಿದ್ದಳು. ಆದರೆ ಮುಂದಿನ ವಾರ ಹೋದಾಗ ಕಲ್ಲು, ಇದ್ದಿಲು, ಅರೆಸುಟ್ಟ ಹೊಟ್ಟು ಎಲ್ಲ ತೆಗೆದು, ಎರಡು ಸಲ ಸಾಣಿಸಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಎರಡು ವರ್ಷ ಒಂದು ವಾರವೂ ಆ ಗಂಟು ತಪ್ಪಲಿಲ್ಲ. ನನ್ನ ಸಂಶೋಧನೆಯಲ್ಲಿ ಕಲ್ಮಶವಿಲ್ಲದ್ದು ಯಾವುದಾದರೂ ಇದ್ದರೆ ಅದು ಆ ಬೂದಿ ಒಂದೇ.

ಕೊನೆಯ ವರ್ಷ ನನ್ನ ಗೈಡ್ ಮಹಾಂತೇಶ್ ಸರ್ ಒಂದು ಮಾತು ಹೇಳಿದರು. "ಬರೀ ಅಂಕಿ ಸಂಖ್ಯೆ ಒಣಒಣ ಕಾಣ್ತದೆ ಅಂಜನ್. ಏನಾದರೂ ಒಂದು ವಸ್ತು ಮಾಡಿ ತೋರಿಸು." ನನಗೆ ತಕ್ಷಣ ಹೊಳೆದದ್ದು ದ್ಯಾಮವ್ವನ ಜರಡಿ. ಕಾದ ಉಸುಕಿನಲ್ಲಿ ಅರಳಿದ ಮಂಡಕ್ಕಿಯನ್ನು ಎತ್ತುವುದಕ್ಕೆ ಉದ್ದ ಸರಳಿನ ಕಬ್ಬಿಣದ ಜರಡಿ ಇರುತ್ತದೆ. ಸರಳು ಬಿಸಿಯೇರುತ್ತದೆ ಅಂತ ಅದಕ್ಕೆ ಒದ್ದೆ ಗೋಣಿ ಸುತ್ತಿಕೊಂಡು, ನಾಲ್ಕು ಸಲ ಎತ್ತಿದ ಮೇಲೊಮ್ಮೆ ಬಕೀಟಿನಲ್ಲಿ ಅದ್ದಿಕೊಂಡು ಕೆಲಸ ಮಾಡುತ್ತಾರೆ. ಅವರದೇ ಒಲೆಯ ಬೂದಿಯಿಂದ ಅವರದೇ ಜರಡಿಗೆ ಬಿಸಿ ತಾಗದ ಹಿಡಿಕೆ! ಇದನ್ನು ಕೇಳಿ ಮಹಾಂತೇಶ್ ಸರ್ ಕುರ್ಚಿಯಿಂದ ಎದ್ದು ಕೈ ಕುಲುಕಿದರು. ನಾನು ಅವತ್ತು ಹರಿಹರದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಕೂರಲು ಜಾಗವಿದ್ದರೂ. ಅಷ್ಟು ಉಬ್ಬಿದ್ದೆ.

ಹಿಡಿಕೆಯನ್ನು ಓವನ್ನಿನಲ್ಲಿ ನಾಲ್ಕು ತಾಸು ಬೇಯಿಸಬೇಕು. ಒಂದು ತಾಸು ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಮತ್ತೆ ಇಡಬಹುದಿತ್ತು, ಇಡಲಿಲ್ಲ. ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಸಾಕು ಅಂದುಕೊಂಡೆ. ಅದರದೊಂದು ಚೂರು, ಹಿಂದೆ ಸರಿಯಾಗಿ ಬೇಯಿಸಿದ ಎರಡು ಚೂರು, ಹೀಗೆ ಮೂರನ್ನು ಪರೀಕ್ಷೆಗೆ ಕಳಿಸಿದೆ.

ವರದಿ ಬಂತು. ಮೂರೂ ಚೂರು ಸುಟ್ಟು ಹೋಗುವುದಕ್ಕೆ ಮುನ್ನೂರ ಅರವತ್ತು ಡಿಗ್ರಿಯ ಆಸುಪಾಸು ಬೇಕು. ಅದು ಚೆನ್ನಾಗಿಯೇ ಇತ್ತು. ಆದರೆ ಇಂಥ ವಸ್ತು ಸುಡುವುದಕ್ಕೆ ಬಹಳ ಮೊದಲೇ ಒಂದು ಹಂತದಲ್ಲಿ ಬಿಗುವು ಕಳೆದುಕೊಂಡು ಮೆತ್ತಗಾಗುತ್ತದೆ. ಆ ಅಂಕಿ ಬೇರೆ. ಸರಿಯಾಗಿ ಬೆಂದ ಚೂರುಗಳಲ್ಲಿ ಅದು ನೂರ ಇಪ್ಪತ್ತೊಂದು, ನೂರ ಹದಿನೆಂಟು. ಹಿಡಿಕೆಯ ಚೂರಿನಲ್ಲಿ ಎಪ್ಪತ್ತನಾಲ್ಕು.

ಎಪ್ಪತ್ತನಾಲ್ಕು ಅಂದರೆ ಕುದಿಯುವ ಚಹಾಕ್ಕಿಂತ ಕಡಿಮೆ. ಅದು ಏನು ಹೇಳುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನೇ ನಾನು ಮಕ್ಕಳಿಗೆ ವರ್ಷ ವರ್ಷ ಪಾಠ ಮಾಡಿದವನು. ಆದರೆ ಹೊಸ ಹಿಡಿಕೆ ಮಾಡಬೇಕೆಂದರೆ ಸಾಮಾನು ತರಿಸಬೇಕು, ಹದಿನೈದು ದಿನ ಹೋಗುತ್ತದೆ. ಸೋಮವಾರ ಫೋಟೊ ತೆಗೆಸುವುದು ಅಂತ ಆಗಿತ್ತು, ಮುಂದಿನ ತಿಂಗಳು ಪ್ರಬಂಧ ಕೊಡುವುದು ಅಂತ ಆಗಿತ್ತು. ಪಟ್ಟಿಯಿಂದ ಎಪ್ಪತ್ತನಾಲ್ಕನ್ನು ತೆಗೆದೆ. 'ದೋಷಪೂರಿತ ಮಾದರಿ' ಅಂತ ಬರೆಯುವ ಮರ್ಯಾದೆಯನ್ನೂ ಅದಕ್ಕೆ ಕೊಡಲಿಲ್ಲ. ಸುಮ್ಮನೆ ಅಳಿಸಿದೆ.

ಸೋಮವಾರ, ಸರಳಿನ ತುದಿ ಕತ್ತರಿಸಿ ಆ ಜಾಗಕ್ಕೆ ಹಿಡಿಕೆ ಕೂರಿಸಿದ ಜರಡಿಯನ್ನು ದ್ಯಾಮವ್ವನ ಕೈಗೆ ಕೊಟ್ಟೆ. ಅವಳು ಅದಕ್ಕೆ ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಇಳಿದಳು. ಫೋಟೊದಲ್ಲಿ ಬಾಯಿತುಂಬ ನಕ್ಕಿದ್ದಾಳೆ. ಮಧ್ಯಾಹ್ನ ನಾನು ಹೊರಡುವಾಗ ಕರೆದಳು.

ಭಟ್ಟಿಯಲ್ಲಿ ಒಂದು ರೂಢಿ ಇದೆ. ಅಕ್ಕಿ ಬಾಣಲೆಗೆ ಬೀಳುವ ಮೊದಲು ಒಂದು ಕಾಳು ತೆಗೆದು ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಾರೆ. ಉಗುರು ಇಳಿದರೆ ಇನ್ನೂ ಹಸಿ. ದ್ಯಾಮವ್ವ ಅದೇ ಉಗುರನ್ನು ಬಿಸಿಯೇರಿದ ನನ್ನ ಹಿಡಿಕೆಗೆ ಒತ್ತಿ ತೋರಿಸಿದಳು. ಬಾಗಿದ ಗೆರೆಯೊಂದು ಮೂಡಿತು.

"ಮೇಷ್ಟ್ರೇ, ಉಗುರು ಇಳೀತೈತೆ ನೋಡ್ರಿ."

"ಮುನ್ನೂರ ಅರವತ್ತು ಡಿಗ್ರಿ ತನಕ ಏನೂ ಆಗಲ್ಲ ದ್ಯಾಮಕ್ಕ. ನಾನು ಹೇಳ್ತಿಲ್ಲ, ಮಷೀನ್ ಹೇಳೈತೆ."

"ಸುಡಾದಿಲ್ಲ, ಅದು ಖರೆ. ಸುಡೋದು ಬ್ಯಾರೆ, ಮೆತ್ತಗಾಗೋದು ಬ್ಯಾರೆ ಅಲ್ವೇನ್ರಿ? ಅಕ್ಕಿನೂ ಸುಡೋಕ್ ಮುಂಚೆ ಮೆತ್ತಗಾಗ್ತೈತೆ. ಮೆತ್ತಗಾದ್ರೇನೇ ಅರಳೋದು."

ನಾನು ಒಂದು ಸೆಮಿಸ್ಟರ್ ತೆಗೆದುಕೊಂಡು ಹೇಳುವುದನ್ನು ಅವಳು ಒಂದು ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಸಿಟ್ಟು. ಅದನ್ನು ನಗೆಯಲ್ಲಿ ಮುಚ್ಚಿ, "ನಿಮ್ಮದು ಉಗುರಲ್ಲ ದ್ಯಾಮಕ್ಕ, ಬಡಗಿ ಉಳಿ!" ಅಂದೆ. ಭಟ್ಟಿಯೆಲ್ಲ ನಕ್ಕಿತು. ಅವಳೂ ನಕ್ಕಳು, ನಕ್ಕು ತನ್ನ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಹೋಗುವಾಗ ಇನ್ನೊಂದು ಮಾತನ್ನೂ ನಾನೇ ಹೇಳಿದೆ: "ಇನ್ನು ಗೋಣಿ, ನೀರು ಯಾವುದೂ ಬ್ಯಾಡ. ಧೈರ್ಯವಾಗಿ ಹಿಡೀರಿ."

ಧೈರ್ಯವಾಗಿ ಹಿಡಿದಳು. ಗುರುವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಜರಡಿ ತುಂಬ ಎತ್ತಿದಾಗ ಹಿಡಿಕೆ ಅವಳ ಮುಷ್ಟಿಯಲ್ಲೇ ಬಾಗಿತು. ಜರಡಿ ಹೊರಳಿ, ಕಾದ ಉಸುಕು ಬಲಗೈ ಮೇಲೆ, ಮೊಣಕೈವರೆಗೂ ಸುರಿಯಿತು.

ಫೋನ್ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಆಸ್ಪತ್ರೆಗೆ ಹೋದಾಗ ಅವಳ ಕೈಗೆ ಬಟ್ಟೆ ಸುತ್ತಿ ಮಲಗಿಸಿದ್ದರು. ಪಕ್ಕದಲ್ಲಿ ಹಾಲೇಶಪ್ಪ, ಎರಡನೆಯ ಬಾಣಲೆಯ ಭೀಮವ್ವ, ಇನ್ನಿಬ್ಬರು ಭಟ್ಟಿಯವರು. ಭೀಮವ್ವ ಬಾಯಿ ಬಿಟ್ಟು ಹೇಳಿದಳು: "ಹೊಸಾ ಹಿಡಿಕಿ ಬಂದಮ್ಯಾಲೆ ಹಿಂಗಾಗಿದ್ದು. ಇಪ್ಪತ್ತೆರಡು ವರ್ಷ ಆಗಿತ್ತೇನು?" ಹಾಲೇಶಪ್ಪನವರು ನನ್ನ ಕಡೆ ತಿರುಗಿದರು. ಸಜ್ಜನರು, ದನಿ ಎತ್ತಲಿಲ್ಲ. "ಹೌದೇನ್ರಿ ಮೇಷ್ಟ್ರೇ? ಹಿಡಿಕೆದೇನಾದ್ರೂ ದೋಷ ಐತೇನು?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಂಚದ ಮೇಲಿಂದ ದ್ಯಾಮವ್ವ ಎಡಗೈ ಎತ್ತಿದಳು.

"ಮೇಷ್ಟ್ರ ಮ್ಯಾಲೆ ಹಾಕಬ್ಯಾಡ್ರಿ. ಮಷೀನ್‌ನಾಗೆ ನೋಡಿ ಮಾಡಿದ್ದದು. ವಯಸ್ಸಾತು, ನನ್ನ ಕೈಯೇ ನಡುಗಿರ್ಬೇಕು. ದುಗ್ಗಮ್ಮನಾಣೆ, ನನ್ನ ಕೈದೇ ತಪ್ಪು."

ದುಗ್ಗಮ್ಮ ದಾವಣಗೆರೆಯ ಊರದೇವತೆ, ಅವಳ ಆಣೆ ಬಿದ್ದ ಮೇಲೆ ಮುಂದೆ ಮಾತಿಲ್ಲ. ಹಾಲೇಶಪ್ಪನವರು ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಇನ್ನು ಬಾಣಲೆ ಮುಂದೆ ನಿಲ್ಲೋದು ಬ್ಯಾಡ ಬಿಡವ್ವ. ವಾಸಿಯಾದಮ್ಯಾಲೆ ಚೀಲ ಹೊಲಿಯೋ ಕಡಿಗೆ ಕುಂದ್ರುವಂತಿ" ಅಂದರು. ಅವರಿಗೆ ಅದು ಕರುಣೆ. ದ್ಯಾಮವ್ವ ಗೋಡೆ ಕಡೆ ಮುಖ ತಿರುಗಿಸಿದಳು. ಕೈ ಸುಟ್ಟಾಗ ಅಳದಿದ್ದವಳು ಆಗ ಅತ್ತಳು.

ನಾನು ಅಲ್ಲೇ ನಿಂತಿದ್ದೆ. ಔಷಧಿ ಚೀಟಿ ನನ್ನ ಕೈಯಲ್ಲಿತ್ತು. ಒಂದು ಸಾಲು ಹೇಳಿದ್ದರೆ ಸಾಕಿತ್ತು. "ತರ್ತೀನಿ" ಅಂದು ಔಷಧಿ ಅಂಗಡಿಗೆ ಹೋದೆ. ನೆಲ ಬಾಯಿ ಬಿಡಲಿ ಅನ್ನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಆಗ ಅನ್ನಿಸಿದ್ದು, ಬಚಾವಾದೆ ಅಂತ. ನಾಚಿಕೆ ಆಮೇಲೆ ಬಂತು, ಬಡ್ಡಿ ಸಮೇತ ಬಂತು.

ಮೂರು ವಾರ ಭಟ್ಟಿಯ ಕಡೆ ತಲೆ ಹಾಕಲಿಲ್ಲ. ದ್ಯಾಮವ್ವ ಹರಿಹರದಾಚೆ ಸಾರಥಿ ಅನ್ನುವ ಊರಿನಲ್ಲಿ ಮಗಳು ಚೌಡೇಶ್ವರಿಯ ಮನೆಗೆ ಹೋದಳೆಂದು ತಿಳಿಯಿತು. ಪ್ರಬಂಧದಲ್ಲಿ ಅವಳ ಫೋಟೊದ ಕೆಳಗೆ 'ಕ್ಷೇತ್ರ ಪ್ರಯೋಗ: ತೃಪ್ತಿಕರ' ಅಂತ ಇತ್ತು. ಅದನ್ನು ಅಳಿಸಲು ಕೈ ಬರಲಿಲ್ಲ, ಬಿಡಲೂ ಆಗಲಿಲ್ಲ. ಪಟ್ಟಿಯಿಂದ ಅಂಕಿ ಅಳಿಸುವಾಗ ಮಾತ್ರ ಕೈ ಎಷ್ಟು ಸಲೀಸಾಗಿ ಓಡಿತ್ತು!

ಕೊನೆಗೆ ಒಂದು ದಿನ ಬೆಳಿಗ್ಗೆ ಭಟ್ಟಿಗೆ ಹೋದೆ. ತಪ್ಪು ಒಪ್ಪಿಕೊಳ್ಳಲು ಅಂದುಕೊಂಡೀರಿ. ಅಲ್ಲ. ಬಾಗಿದ ಹಿಡಿಕೆ ಅಲ್ಲೇ ಬಿದ್ದಿರುತ್ತದೆ, ಯಾರಾದರೂ ತಿಳಿದವರು ನೋಡಿಯಾರು ಅನ್ನುವ ಭಯ. ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಬರಲು ಹೋದೆ.

ಹಾಲೇಶಪ್ಪನವರು ಹಿಡಿಕೆಯನ್ನು ತಂದುಕೊಟ್ಟರು. ಜೊತೆಗೆ ಮೂಲೆಯಿಂದ ಒಂದು ಗಂಟನ್ನೂ ತಂದು ಮುಂದಿಟ್ಟರು. ಹಳೆ ಸೀರೆಯ ತುಂಡು. ಗಂಟು ಮಾತ್ರ ಸೊಟ್ಟ, ಎಂದಿನ ಹಾಗೆ ಬಿಗಿಯಾಗಿರಲಿಲ್ಲ.

"ದ್ಯಾಮವ್ವ ಮಗಳ ಮನಿಗೆ ಹೋಗೋಕ್ ಮುಂಚೆ ಬಂದು ಸಾಣಿಸಿ ಇಟ್ಟೋದ್ಲು. ಎಡಗೈನಾಗೆ. ಬ್ಯಾಡ ಕಣವ್ವ ಅಂದ್ರೆ ಕೇಳ್ಲಿಲ್ಲ. ನನ್ನಿಂದ ಮೇಷ್ಟ್ರ ಓದು ನಿಲ್ಲಬಾರ್ದು ಅಂದ್ಲು."

ಗಂಟನ್ನು ಎತ್ತಿಕೊಂಡೆ. ಬೂದಿ ಅಂಗೈಗೆ ಹಿಟ್ಟಿನ ಹಾಗೆ ಮೆತ್ತಗೆ ತಾಗಿತು, ಒಂದು ಹರಳಿಲ್ಲ. ಇನ್ನೊಂದು ಕೈಯಲ್ಲಿದ್ದ ಹಿಡಿಕೆಯನ್ನು ನೋಡಿದೆ. ಬಾಗಿದ ಜಾಗಕ್ಕೆ ಸ್ವಲ್ಪ ಮೇಲೆ ಅವಳ ಉಗುರಿನ ಗೆರೆ ಹಾಗೇ ಇತ್ತು. ಅಲ್ಲಿಂದ ಕಾಲೇಜಿಗೆ ಹೋಗಲು ಕಾಲು ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಹರಿಹರದ ಬಸ್ ಹತ್ತಿದೆ, ಹರಿಹರದಲ್ಲಿ ಇಳಿದು ಮನೆಗೂ ಹೋಗದೆ ಸಾರಥಿಯ ಬಸ್ ಹತ್ತಿದೆ.

ಚೌಡೇಶ್ವರಿ ಬಾಗಿಲಲ್ಲೇ ನಿಂತು ನೋಡಿದಳು, ಬರ್ರಿ ಅನ್ನಲಿಲ್ಲ. ಒಳಗಿಂದ ದ್ಯಾಮವ್ವನೇ ಕೂಗಿದಳು. "ಯಾರು, ಬೂದಿ ಮೇಷ್ಟ್ರಾ? ಬರ್ರಿ, ಕೂಡ್ರಿ. ಚೌಡಿ, ಚಾ ಇಡು." ಬಲಗೈಯ ಪಟ್ಟಿ ಬಿಚ್ಚಿದ್ದರು. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿತ್ತು. ಹೆಬ್ಬೆರಳು ಮಡಚುತ್ತಿರಲಿಲ್ಲ.

ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ತಪ್ಪು ನಿಮ್ಮ ಕೈದಲ್ಲ ದ್ಯಾಮಕ್ಕ. ಹಿಡಿಕೆದು. ಅದು ಅರ್ಧ ಬೆಂದಿತ್ತು. ಎಪ್ಪತ್ತನಾಲ್ಕು ಡಿಗ್ರಿಗೆ ಮೆತ್ತಗಾಗೋ ಹಿಡಿಕೆ ನಿಮ್ಮ ಕೈಗೆ ಕೊಟ್ಟೆ" ಅಂದೆ.

ಅವಳು ನಕ್ಕಳು. "ಅಯ್ಯ, ಹೋಗ್ಲಿ ಬಿಡ್ರಿ. ಗೊತ್ತಿಲ್ದೆ ಆಗಿದ್ದು. ನಮ್ಮ ಉಸುಕು ಎಷ್ಟೋ ಸಲ ನಮಗೇ ಗೊತ್ತಾಗಾದಿಲ್ಲ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಕ್ಷಮೆ ಸಿಕ್ಕಿತ್ತು, ಚಹಾ ಬರುತ್ತಿತ್ತು. ಒಳಗೆ ಯಾವುದೋ ಒಂದು ಹಾಳು ಬುದ್ಧಿ, ಸಾಕು ಏಳು ಅಂತಲೇ ಹೇಳುತ್ತಿತ್ತು. ಆದರೆ ಬೂದಿಯ ಗಂಟು ತೊಡೆಯ ಮೇಲಿತ್ತು.

"ಗೊತ್ತಿತ್ತು" ಅಂದೆ.

"ಏನು?"

"ಮೊದಲೇ ಗೊತ್ತಿತ್ತು. ನಿಮ್ಮ ಕೈಗೆ ಕೊಡೋ ಮುಂಚೆನೇ ವರದಿ ಬಂದಿತ್ತು."

ದ್ಯಾಮವ್ವ ಮೆಲ್ಲಗೆ ಕೇಳಿದಳು. "ಉಗುರು ಒತ್ತಿ ತೋರ್ಸಿದಾಗ?"

"ಗೊತ್ತಿತ್ತು."

"ಆಸ್ಪತ್ರ್ಯಾಗೆ ನಾನು ಆಣೆ ಮಾಡ್ದಾಗ?"

"ಆವಾಗ್ಲೂ."

ಚಹಾ ತಂದ ಚೌಡೇಶ್ವರಿ ಲೋಟವನ್ನು ನನ್ನ ಮುಂದಿಡದೆ ಹಾಗೇ ಹಿಡಿದು ನಿಂತಳು. "ಅವ್ವನ ಕೈ ಇನ್ನು ಮುಷ್ಟಿ ಹಿಡಿಯಾದಿಲ್ಲ ಅಂದಾರೆ ಡಾಕ್ಟ್ರು. ಗೊತ್ತಿದ್ದು ಕೊಟ್ರಾ?" ಅಂದಳು. ಅವಳು ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಅಂದುಕೊಂಡೆ. ಆದರೆ ದ್ಯಾಮವ್ವ ಮಗಳನ್ನು ಎಡಗೈಯಲ್ಲಿ ತಡೆದಳು.

"ಕೈ ಸುಟ್ರೆ ಸುಡ್ಲಿ, ಇಪ್ಪತ್ತೆರಡು ವರ್ಷದಾಗೆ ಎಷ್ಟು ಸಲ ಸುಟ್ಟಿಲ್ಲ. ನನ್ನ ಬಾಯಿಂದ ದುಗ್ಗಮ್ಮನ ಆಣೆ ಮ್ಯಾಲೆ ಸುಳ್ಳು ಹೇಳಿಸಿಬಿಟ್ರಲ್ರೀ. ನಾನು ಖರೇನೇ ನನ್ನ ಕೈಯೇ ನಡುಗ್ತು ಅಂದ್ಕೊಂಡಿದ್ದೆ. ಮನ್ಯಾಗೆ ಕೂತು ದಿನಾ ಈ ಕೈ ನೋಡಿ, ನಡುಗ್ತೈತಾ, ನಡುಗ್ತೈತಾ ಅಂತ ನೋಡ್ಕೊಂಡೀನಿ. ನಡುಗಾದಿಲ್ಲ. ಆದ್ರೂ ಮೇಷ್ಟ್ರದು ತಪ್ಪಾಗಾದಿಲ್ಲ ಅಂತ ನನ್ನ ಕೈಯನ್ನೇ ನಂಬಲಿಲ್ಲ ನಾನು."

ಕೈ ಸುಟ್ಟದ್ದಕ್ಕೆ ಎಪ್ಪತ್ತನಾಲ್ಕು ಡಿಗ್ರಿ ಕಾರಣ ಅನ್ನಬಹುದು. ಅವಳು ತನ್ನ ಕೈಯನ್ನೇ ನಂಬದೆ ಹೋದದ್ದಕ್ಕೆ ನಾನೊಬ್ಬನೇ ಕಾರಣ.

ಅವಳು ಎದ್ದಳು. ಸೆರಗು ಹೊದ್ದುಕೊಂಡು, "ನಡೀರಿ" ಅಂದಳು.

"ಎಲ್ಲಿಗೆ?"

"ಭಟ್ಟಿಗೆ. ಆಣೆ ಕೇಳಿದೋರ ಮುಂದೇನೇ ಹೇಳ್ಬೇಕು ನೀವು. ಆಮ್ಯಾಲೆ ನಾನು ಗುಡಿಗೆ ಹೋಗ್ಬೇಕು."

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ. ಹರಿಹರದಲ್ಲಿ ಬಸ್ ಬದಲಿಸುವಾಗ ಅವಳಿಗೂ ಟಿಕೆಟ್ ತೆಗೆಸಲು ಹೋದೆ. ಅವಳು ಆಧಾರ್ ಕಾರ್ಡ್ ಎತ್ತಿ ತೋರಿಸಿದಳು. ಹೆಂಗಸರಿಗೆ ಬಸ್ ಪುಕ್ಕಟೆ ಅನ್ನುವುದನ್ನೂ ಆ ಗಡಿಬಿಡಿಯಲ್ಲಿ ಮರೆತಿದ್ದೆ. ಅವಳಿಗೆ ನನ್ನಿಂದ ಅಷ್ಟೂ ಬೇಕಾಗಿರಲಿಲ್ಲ.

ಭಟ್ಟಿಯಲ್ಲಿ ನಾಲ್ಕೂ ಬಾಣಲೆ ನಡೆಯುತ್ತಿದ್ದವು. ಮೊದಲನೆಯದರ ಮುಂದೆ ಭೀಮವ್ವ ಇದ್ದಳು. ಹಾಲೇಶಪ್ಪನವರು ಕೈಸನ್ನೆ ಮಾಡಿ ಕೆಲಸ ನಿಲ್ಲಿಸಿದರು. ಹನ್ನೊಂದು ಮಂದಿ ಸುತ್ತ ನಿಂತರು. ಹೇಳಿದೆ. ಅಂಕಿ ಅಳಿಸಿದ್ದು, ಉಗುರಿನ ಗೆರೆ ನೋಡಿ ನಕ್ಕದ್ದು, ಆಣೆ ಕೇಳಿ ಸುಮ್ಮನಿದ್ದದ್ದು, ಬೆಳಿಗ್ಗೆ ಹಿಡಿಕೆ ಕದಿಯಲು ಬಂದದ್ದು ಎಲ್ಲ. ಯಾರೂ ಬೈಯಲಿಲ್ಲ. ಹಾಲೇಶಪ್ಪನವರು "ಓದಿದೋರು" ಅಂದರು, ಅಷ್ಟೇ, ಅಂದು ಆ ಕಡೆ ತಿರುಗಿದರು. ಅವರು ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಭೀಮವ್ವ ಜರಡಿಯನ್ನು ಕೆಳಗಿಟ್ಟು ಮೊದಲನೆಯ ಬಾಣಲೆಯಿಂದ ಎರಡನೆಯದಕ್ಕೆ ಸರಿದು ನಿಂತಳು. "ಬಾ ಅಕ್ಕ, ನಿನ್ನ ಜಾಗ" ಅಂದಳು. ದ್ಯಾಮವ್ವ ಆ ಜಾಗಕ್ಕೆ ಹೋಗಿ ನಿಂತು, ಎಡಗೈಯಿಂದ ಒಂದು ಹಿಡಿ ಅಕ್ಕಿ ಉಸುಕಿಗೆ ಎರಚಿ, ಅರಳುವ ಸದ್ದು ಕೇಳಿದಳು. ಆಮೇಲೆ ದುಗ್ಗಮ್ಮನ ಗುಡಿಗೆ ಹೊರಟಳು. ನಾನೂ ಹೊರಟೆ. "ನೀವು ಬರಬ್ಯಾಡ್ರಿ. ಸುಳ್ಳು ಆಡಿದ್ದು ನನ್ನ ಬಾಯಿ" ಅಂದಳು.

ನಡೆದದ್ದನ್ನೆಲ್ಲ ಹೇಳಿದ ಮೇಲೆ ಮಹಾಂತೇಶ್ ಸರ್ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಪಟ್ಟಿಗೆ ಎಪ್ಪತ್ತನಾಲ್ಕನ್ನು ಮತ್ತೆ ಸೇರಿಸಿದೆ, ಫೋಟೊವನ್ನು ಪ್ರಬಂಧದಿಂದ ತೆಗೆದುಹಾಕಿದೆ, ಒಂದು ಇಡೀ ಅಧ್ಯಾಯವನ್ನು ಮೊದಲಿನಿಂದ ಮಾಡಬೇಕಾಯಿತು. ಡಿಗ್ರಿ ಒಂದು ವರ್ಷ ಮುಂದಕ್ಕೆ ಹೋಯಿತು. ಹೋಗಲಿ.

ಹೊಸ ಪ್ರಯೋಗಕ್ಕೆ ಬೂದಿ ಬೇಕಾಗಿ ನಾಲ್ಕು ತಿಂಗಳ ಮೇಲೆ ಭಟ್ಟಿಗೆ ಹೋದೆ. ದ್ಯಾಮವ್ವ ಮೊದಲನೆಯ ಬಾಣಲೆಯ ಮುಂದಿದ್ದಳು. ಬಲಗೈ ಸರಳನ್ನು ಪೂರ್ತಿ ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಎತ್ತಿ, ಬಲಗೈ ಆಸರೆ ಕೊಡುತ್ತಿದ್ದಳು. ಸರಳಿಗೆ ಒದ್ದೆ ಗೋಣಿ ಸುತ್ತಿತ್ತು. ನನ್ನನ್ನು ನೋಡಿ ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ.

"ಏನ್ ಸಾರ್?" ಅಂದಳು.

ಎರಡು ವರ್ಷದಲ್ಲಿ ಅವಳು ನನ್ನನ್ನು ಸಾರ್ ಅಂದಿರಲಿಲ್ಲ.

"ಸ್ವಲ್ಪ ಬೂದಿ ಬೇಕಿತ್ತು ದ್ಯಾಮಕ್ಕ."

ಅವಳು ಗದ್ದದಿಂದ ಹಿತ್ತಲ ರಾಶಿಯ ಕಡೆ ತೋರಿಸಿದಳು. "ಅಲ್ಲೈತೆ ನೋಡ್ರಿ. ಎಷ್ಟು ಬೇಕೋ ತುಂಬ್ಕಳ್ರಿ." ಮತ್ತೆ ಬಾಣಲೆಗೆ ತಿರುಗಿದಳು.

ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ಸಾಣಿಸುವ ಜರಡಿ ಗೋಡೆಗೆ ನೇತು ಹಾಕಿತ್ತು. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ. ಕೇಳಲು ಬಾಯಿ ಬರಲಿಲ್ಲ. ಕಲ್ಲು, ಇದ್ದಿಲು, ಅರೆಸುಟ್ಟ ಹೊಟ್ಟು ಎಲ್ಲ ಸೇರಿಸಿಯೇ ಚೀಲಕ್ಕೆ ತುಂಬಿಕೊಂಡು ಬಂದೆ.